ಪೆಗ್ಗಿಯ ಅರ್ಧ ಕಟ್ಟಿದ ಮನೆ: ವೆನಿಸ್‌ನಲ್ಲಿ ನಾನೂ ನನ್ನ ಮಗಳೂ

ದಿನ 1

ಮಗಳು ಇಟಲಿಯಲ್ಲಿ, ವೆನಿಸ್ ಹತ್ತಿರದ ಪಾಡೊವಾದಲ್ಲಿ ಓದ್ತಿದಾಳೆ, ಎರಡು ವರ್ಷದಿಂದ ಬಾಮ್ಮ ಬಾಮ್ಮ ಅಂತ ಕರೀತಾನೇ ಇದ್ಲು, ನನಗೆ ಸ್ಕೂಲು, ಪರೀಕ್ಷೆ, ಎಲೆಕ್ಷನ್ ಡ್ಯೂಟಿ ಅಂತ ಆಗ್ತಾನೇ ಇರ್ಲಿಲ್ಲ. ಈ ವರ್ಷ ರಿಟೈರ್ ಆದೆ. ದಸರಾ ಮುಗಿಸಿ ಬೊಂಬೆಗಳನ್ನೆಲ್ಲ ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಯಜಮಾನ್ರಿಗೆ ಮೂರು ಥರ ಪುಡಿ ಮಾಡಿಟ್ಟು ಮೈಸೂರು ಬಿಟ್ಟೆ. ಬೆಂಗಳೂರಿಂದ ದುಬೈ, ದುಬೈಯಿಂದ ವೆನಿಸ್‌ನ ಮಾರ್ಕೊ ಪೋಲೊ ಏರ್‌ಪೋರ್ಟ್, ಅಲ್ಲಿಂದ ಬಸ್ಸಲ್ಲಿ ಪಾಡೊವಾ. ಮಗಳ ರೂಮು ಪುಟ್ಟದು, ಆದ್ರೆ ಕಿಟಕಿ ದೊಡ್ಡದು.

ಎಲ್ಲರೂ ಕೇಳಿದ್ರು, ವೆನಿಸ್‌ಗೆ ಹೋಗ್ತಿದ್ದೀರಾ, ಗೊಂಡೊಲಾ ಹತ್ತಿ ಅಂತ. ನಾನು ಹೋಗಿದ್ದು ಒಬ್ಬ ಹೆಂಗಸಿನ ಮನೆ ನೋಡೋಕೆ. ಮೈಸೂರಿನ ಕಾವಾ ಕಲಾ ಕಾಲೇಜಲ್ಲಿ ಓದುವಾಗ ಕಲಾ ಇತಿಹಾಸದ ಕ್ಲಾಸಲ್ಲಿ ಅಮೆರಿಕದ ಚಿತ್ರಗಾರ ಜಾಕ್ಸನ್ ಪೊಲಾಕ್ ಬಗ್ಗೆ ಹೇಳೋವಾಗ ಒಂದು ಮಾತು ಬಂದಿತ್ತು, "ಇವನ ಮೊದಲ ಒನ್ ಮ್ಯಾನ್ ಶೋ ಮಾಡಿಸಿದ್ದು ಒಬ್ಬ ಶ್ರೀಮಂತ ಹೆಂಗಸು" ಅಂತ. ಅಷ್ಟೇ, ನನ್ನ ನೋಟ್ಸ್‌ನಲ್ಲಿ ಹೆಸರೂ ಇಲ್ಲ. ಹೆಸರು ಆಮೇಲೆ ಲೈಬ್ರರಿಯಲ್ಲಿ ಸಿಕ್ತು, ಆಧುನಿಕ ಕಲೆ ಸಂಗ್ರಹಿಸಿ ವೆನಿಸ್‌ನಲ್ಲಿ ನೆಲೆಸಿದ ಅಮೆರಿಕದ ಪೆಗ್ಗಿ ಗುಗೆನ್‌ಹೈಮ್. ಆವಾಗಿಂದ ಮನಸ್ಸಲ್ಲಿ ಇತ್ತು, ಒಂದಿನ ಈಯಮ್ಮನ ಮನೆಗೆ ಹೋಗ್ಬೇಕು ಅಂತ. ಮೂವತ್ತೈದು ವರ್ಷ ಆಗೋಯ್ತು.

ರಾತ್ರಿ ಊಟಕ್ಕೆ ಅನ್ನ, ಮಗಳು ಮಾಡಿದ ತಿಳಿಸಾರು. ಬೇಗ ಮಲಗಿಬಿಟ್ಟೆ.

ದಿನ 2

ಇವತ್ತು ಪಾಡೊವಾದಲ್ಲೇ ಇದ್ವಿ. ಸ್ಕ್ರೊವೆಞಿ ಚಾಪೆಲ್‌ಗೆ ಮೊದಲೇ ಟಿಕೆಟ್ ಬುಕ್ ಮಾಡಿರ್ಬೇಕು, ಒಳಗೆ ಬಿಡೋದಕ್ಕೆ ಮುಂಚೆ ಗಾಜಿನ ಕೋಣೆಯಲ್ಲಿ ಹದಿನೈದು ನಿಮಿಷ ಕೂರಿಸ್ತಾರೆ, ನಮ್ಮ ಉಸಿರಿನ ತೇವ, ಬಟ್ಟೆ ಧೂಳು ಎಲ್ಲ ಹದಕ್ಕೆ ಬರ್ಲಿ ಅಂತ, ಆಮೇಲೆ ಒಳಗೆ ಇನ್ನು ಹದಿನೈದೇ ನಿಮಿಷ. ಚಿತ್ರಗಾರ ಜೊತ್ತೊ 1305ರ ಹೊತ್ತಿಗೆ ಮುಗಿಸಿದ ಕೆಲಸ, ಮೇಲೆ ಪೂರ್ತಿ ನೀಲಿ ಆಕಾಶ, ಚಿನ್ನದ ನಕ್ಷತ್ರ. ಕತ್ತು ನೋಯೋವರೆಗೂ ನೋಡಿದೆ.

ಪೆಗ್ಗಿ ಕೂಡ ಶುರು ಮಾಡಿದ್ದು ಇಂಥವುಗಳಿಂದಲೇ. ಇಪ್ಪತ್ತರ ಆಸುಪಾಸಿನಲ್ಲಿ ಯುರೋಪಿಗೆ ಬಂದಾಗ ಅವಳು ಬೆರೆನ್ಸನ್ ಅನ್ನೋ ವಿಮರ್ಶಕರ ಪುಸ್ತಕಗಳನ್ನ ಹಿಡ್ಕೊಂಡು ಹಳೇ ಇಟಾಲಿಯನ್ ಚಿತ್ರಗಳನ್ನ ಹುಡುಕ್ಕೊಂಡು ಊರೂರು ಸುತ್ತಿದವಳು. ಆಧುನಿಕ ಕಲೆ ಅವಳಿಗೆ ಹುಟ್ಟಿನಿಂದ ಬಂದಿದ್ದಲ್ಲ, ನಲವತ್ತು ಹತ್ತಿರ ಬಂದ್ಮೇಲೆ ಕೂತು ಕಲಿತಿದ್ದು. ಈ ವಿಷಯ ನನಗೆ ಬಹಳ ಇಷ್ಟ. ಸುಮಾರು ಜನ ಅಂದ್ಕೊಳ್ಳೋದು ದುಡ್ಡಿತ್ತು, ಕೊಂಡ್ಲು, ಮುಗೀತು ಅಂತ. ದುಡ್ಡಿದ್ದವರು ಬೇಕಾದಷ್ಟು ಜನ ಇದ್ರು, ಅವರ ಮನೆ ಬೇರೆ ಥರ ಇದೆ.

ಮಗಳಿಗೆ ರಾತ್ರಿ ಕಥೆ ಹೇಳ್ದೆ, ಅವಳು ಚಿಕ್ಕವಳಿದ್ದಾಗ ಹೇಳ್ತಿದ್ದ ಹಾಗೆ. ಹುಟ್ಟಿದ್ದು 1898ರ ಆಗಸ್ಟ್ 26, ನ್ಯೂಯಾರ್ಕ್‌ನಲ್ಲಿ. ತಾತ ಮೇಯರ್ ಗುಗೆನ್‌ಹೈಮ್ ಸ್ವಿಟ್ಜರ್ಲೆಂಡಿಂದ ಬಂದು ಬೀದಿ ಬೀದಿ ಸುತ್ತಿ ಸಾಮಾನು ಮಾರಿ, ಆಮೇಲೆ ಗಣಿ ಮತ್ತೆ ಲೋಹ ಕರಗಿಸೋ ಬಿಸಿನೆಸ್‌ನಲ್ಲಿ ಕೋಟ್ಯಧೀಶ ಆದವರು. ಅಪ್ಪ ಬೆಂಜಮಿನ್ 1912ರಲ್ಲಿ ಟೈಟಾನಿಕ್‌ನಲ್ಲಿ ಹೋದ್ರು, ಹಡಗು ಮುಳುಗುತ್ತೆ ಅಂತ ಗೊತ್ತಾದ್ಮೇಲೆ ಲೈಫ್ ಜಾಕೆಟ್ ಬಿಚ್ಚಿ ಪಾರ್ಟಿ ಸೂಟು ಹಾಕ್ಕೊಂಡು ನಿಂತ್ರಂತೆ. ಪೆಗ್ಗಿಗೆ ಆಗ 13 ವರ್ಷ. ಅಪ್ಪ ಅಣ್ಣತಮ್ಮಂದಿರ ವ್ಯವಹಾರದಿಂದ ಮೊದಲೇ ಆಚೆ ಬಂದಿದ್ರಿಂದ ಇವರ ಮನೆಯವರು ಗುಗೆನ್‌ಹೈಮ್‌ಗಳಲ್ಲೇ ಕಮ್ಮಿ ದುಡ್ಡಿನವರು. 21 ತುಂಬಿದಾಗ ಅಪ್ಪನ ಆಸ್ತಿಯಿಂದ ಸುಮಾರು ನಾಲ್ಕೂವರೆ ಲಕ್ಷ ಡಾಲರ್ ಬಂತು. ಅದನ್ನಿಟ್ಕೊಂಡು ಒಳ್ಳೆ ಕಡೆ ಮದುವೆ ಆಗಿ ಸುಮ್ಮನೆ ಇರಬಹುದಿತ್ತು. ಈಯಮ್ಮ ಸಂಬಳ ಇಲ್ಲದೆ ಒಂದು ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ಸೇರಿದ್ಲು. ಅಲ್ಲಿ ಬರಹಗಾರರು, ಚಿತ್ರಗಾರರು ಬರ್ತಿದ್ರು, ಅದೇ ಅವಳಿಗೆ ಕಾಲೇಜು.

ಅಷ್ಟೊತ್ತಿಗೆ ಪುಟ್ಟಿ ನಿದ್ದೆ ಹೋಗಿದ್ಲು.

ದಿನ 3

ಬೆಳಗ್ಗೆ ಏಳೂವರೆಗೆ ಸ್ಟೇಷನ್‌ಗೆ ಹೋದ್ವಿ. ಪಾಡೊವಾದಿಂದ ವೆನಿಸ್‌ಗೆ ರೀಜನಲ್ ಟ್ರೈನು, ಅರ್ಧ ಗಂಟೆ. ಮೆಸ್ತ್ರೆ ಆದ್ಮೇಲೆ ರೈಲು ಉದ್ದ ಸೇತುವೆ ಮೇಲೆ ಹೋಗುತ್ತೆ, ಎರಡೂ ಕಡೆ ನೀರು, ಆ ಬೂದು ಬಣ್ಣ ಎಂಥದ್ದು ಅಂದ್ರೆ ಪ್ಯಾಲೆಟ್ ತೊಳೆದ ನೀರಿನ ಥರ. ಸ್ಟೇಷನ್ ಬಾಗಿಲು ದಾಟಿದ ತಕ್ಷಣ ಎದುರಿಗೇ ಗ್ರ್ಯಾಂಡ್ ಕೆನಾಲ್. ಒಂದನೇ ನಂಬರ್ ವಾಪೊರೆಟ್ಟೊ ಅನ್ನೋ ದೋಣಿ ಹತ್ತಿದ್ವಿ, ಅದು ನಮ್ಮೂರಿನ ಸಿಟಿ ಬಸ್ ಥರ, ಎಲ್ಲಾ ಸ್ಟಾಪಲ್ಲೂ ನಿಲ್ಲುತ್ತೆ, ಹಾಗಾಗಿ ಎರಡೂ ದಡದ ಮನೆಗಳನ್ನ ನಿಧಾನಕ್ಕೆ ನೋಡ್ಕೊಂಡು ಹೋಗಬಹುದು. ದಿನದ ಪಾಸ್ ತಗೊಂಡ್ರೆ ವಾಸಿ, ಒಂದೊಂದು ಸಲದ ಟಿಕೆಟ್ ಜಾಸ್ತಿ ಬೀಳುತ್ತೆ.

ಅಕಾಡೆಮಿಯಾ ಸೇತುವೆ ದಾಟಿದ್ಮೇಲೆ ಬಲಗಡೆ ನೋಡ್ತಿರು ಅಂತ ಮಗಳಿಗೆ ಹೇಳಿದ್ದೆ. ಎಲ್ಲಾ ಕಡೆ ಮೂರು ನಾಲ್ಕು ಅಂತಸ್ತಿನ ಅರಮನೆಗಳು, ಮಧ್ಯದಲ್ಲಿ ಇದ್ದಕ್ಕಿದ್ದ ಹಾಗೆ ಒಂದು ತಗ್ಗು ಬಿಳೀ ಮನೆ, ಒಂದೇ ಅಂತಸ್ತು, ಅದೇ ಪಲಾಜೊ ವೆನಿಯೆರ್ ದೈ ಲಿಯೊನಿ. ಹದಿನೆಂಟನೇ ಶತಮಾನದ ಮಧ್ಯದಲ್ಲಿ ವೆನಿಯೆರ್ ಕುಟುಂಬದವರು ಭಾರಿ ಅರಮನೆ ಕಟ್ಟೋಕೆ ಶುರು ಮಾಡಿ ನೆಲದ ಅಂತಸ್ತಿಗೇ ನಿಂತುಹೋಯ್ತು. ದುಡ್ಡು ಮುಗೀತು ಅಂತ ಒಂದು ಕಥೆ, ಎದುರು ದಡದ ಕೊರ್ನೆರ್ ಮನೆಯವರು ಅಡ್ಡ ಬಂದ್ರು ಅಂತ ಇನ್ನೊಂದು. ನೀರಿನ ಮಟ್ಟದಲ್ಲಿ ಕಲ್ಲಿನ ಸಿಂಹದ ಮುಖಗಳಿವೆ. ನಮ್ಮ ಕಡೆ ದುಡ್ಡು ಸಾಲದೆ ಮೇಲಿನ ಮಹಡಿಗೆ ಕಬ್ಬಿಣದ ಸರಳು ಹಾಗೇ ಬಿಟ್ಟಿರ್ತಾರಲ್ಲ, ಮುಂದೆ ಕಟ್ಟೋಣ ಅಂತ, ಆ ಥರದ್ದೇ ಮನೆ ಇದು, ಇನ್ನೂರೈವತ್ತು ವರ್ಷದ ಹಿಂದಿಂದು. ಪೆಗ್ಗಿ 1949ರಲ್ಲಿ ಇದನ್ನ ಕೊಂಡ್ಲು. ಅವಳಿಗಿಂತ ಮುಂಚೆ ಲುಯಿಸಾ ಕಸಾಟಿ ಅನ್ನೋ ಶ್ರೀಮಂತೆ ಚೀತಾಗಳನ್ನ ಸಾಕ್ಕೊಂಡು ಇದೇ ಮನೆಯಲ್ಲಿದ್ಲು, ಈ ಮನೆಗೆ ಅಂಥ ಹೆಂಗಸರೇ ಒದಗಿದ್ದಾರೆ.

ನೀರಿನ ಕಡೆ ಮೆಟ್ಟಿಲ ಮೇಲೆ ಮರೀನೊ ಮರೀನಿ ಮಾಡಿದ ಕಂಚಿನ ಕುದುರೆ ಸವಾರ, 1948ರದ್ದು, "ನಗರದ ದೇವದೂತ" ಅಂತ ಹೆಸರು. ಎರಡೂ ಕೈ ಚಾಚಿ, ಮುಖ ಆಕಾಶಕ್ಕೆ ಎತ್ತಿದಾನೆ, ಅವನ ಗಂಡಸುತನವೂ ಎದ್ದು ನಿಂತಿದೆ. ಹಬ್ಬದ ದಿನ ಸನ್ಯಾಸಿನಿಯರು ದೋಣಿಯಲ್ಲಿ ಆ ದಾರಿಯಾಗಿ ಆಶೀರ್ವಾದಕ್ಕೆ ಹೋಗ್ತಿದ್ರಂತೆ, ಆ ಹೊತ್ತಿಗೆ ಪೆಗ್ಗಿ ಆ ಭಾಗವನ್ನ ತಿರುಪು ತೆಗೆದು ಒಳಗಿಡ್ತಿದ್ಲಂತೆ. ಇದನ್ನ ಎಲ್ಲರೂ ನಗ್ತಾ ಹೇಳ್ತಾರೆ, ನನಗೆ ಅದರಲ್ಲಿ ಮರ್ಯಾದೆ ಕಾಣ್ಸ್ತು. ಮೂರ್ತಿಯನ್ನ ತೆಗೆದು ಗೋಡೌನ್‌ಗೆ ಹಾಕ್ಲಿಲ್ಲ, ಸನ್ಯಾಸಿನಿಯರ ಮನಸ್ಸೂ ನೋಯಿಸ್ಲಿಲ್ಲ.

ಸಲೂತೆ ಸ್ಟಾಪಲ್ಲಿ ಇಳಿದು ಹಿಂದಕ್ಕೆ ನಡ್ಕೊಂಡು ಬಂದ್ವಿ. ಸಣ್ಣ ಗಲ್ಲಿ, ತಿರುವು, ಮತ್ತೆ ಗಲ್ಲಿ. ಗೇಟು ನೋಡೇ ನಿಂತುಬಿಟ್ಟೆ. ಕ್ಲೇರ್ ಫಾಲ್ಕೆನ್‌ಸ್ಟೈನ್ ಅನ್ನೋ ಕಲಾವಿದೆ 1961ರಲ್ಲಿ ಮಾಡಿದ್ದು, ಕಬ್ಬಿಣದ ತಂತಿಯನ್ನ ಜೇಡರ ಬಲೆ ಥರ ಹೆಣೆದು ಮಧ್ಯ ಮಧ್ಯ ಮುರಾನೊ ಗಾಜಿನ ಉಂಡೆಗಳನ್ನ ಸಿಕ್ಕಿಸಿದಾರೆ, ಬಿಸಿಲು ಬಿದ್ದಾಗ ಒಂದೊಂದು ಉಂಡೆ ಒಂದೊಂದು ಬಣ್ಣಕ್ಕೆ ಹೊತ್ತಿಕೊಳ್ಳುತ್ತೆ. ಮಂಗಳವಾರ ರಜೆ, ಯಾರಾದ್ರೂ ಹೋಗೋರಿದ್ರೆ ನೆನಪಿಟ್ಕೊಳ್ಳಿ.

ಒಳಗೆ ಹೋದ್ರೆ ಮ್ಯೂಸಿಯಂ ಅನ್ನಿಸೋದೇ ಇಲ್ಲ. ಹಾಲು, ಊಟದ ಮನೆ, ಮಲಗೋ ಕೋಣೆ, ಎಲ್ಲ ಮನೆ ಅಳತೆಯವೇ. ಹಾಲಲ್ಲಿ ಶಿಲ್ಪಿ ಕಾಲ್ಡರ್‌ನ "ಮೊಬೈಲ್" ಅನ್ನೋ ತೂಗು ಶಿಲ್ಪ ಇದೆ, ಹೂವಿನ ಎಸಳಿನ ಥರದ ತಗಡುಗಳು, ಯಾರಾದ್ರೂ ಬಾಗಿಲು ತೆಗೆದ್ರೂ ಸಾಕು ಮೆಲ್ಲಗೆ ತಿರುಗುತ್ತೆ. ಊಟದ ಮನೆಯ ಗೋಡೆಯಲ್ಲಿ ಪಿಕಾಸೊನ "ಕವಿ", 1911ರದ್ದು. ಅಂದ್ರೆ ಈಯಮ್ಮ ಸೂಪ್ ಕುಡೀತಾ ಕುಡೀತಾ ಕ್ಯೂಬಿಸಂ ನೋಡ್ತಿದ್ಲು. ನಾವು ಕ್ಲಾಸಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ನೋಡಿ "ಆಕಾರದ ಒಡೆತ" ಅಂತ ಬರ್ಕೊಂಡಿದ್ವಿ.

ಇವೆಲ್ಲ ಇಲ್ಲಿಗೆ ಹೇಗೆ ಬಂದ್ವು ಅನ್ನೋದೇ ದೊಡ್ಡ ಕಥೆ. 1938ರ ಜನವರಿಯಲ್ಲಿ ಪೆಗ್ಗಿ ಲಂಡನ್ನಿನ ಕಾರ್ಕ್ ಸ್ಟ್ರೀಟಲ್ಲಿ ಒಂದು ಗ್ಯಾಲರಿ ತೆಗೆದ್ಲು, ಗುಗೆನ್‌ಹೈಮ್ ಜೂನ್ ಅಂತ ಹೆಸರು. ಆವಾಗ ಅವಳಿಗೆ ಈ ಕಲೆಯ ಬಗ್ಗೆ ಅಷ್ಟಾಗಿ ಗೊತ್ತಿರ್ಲಿಲ್ಲ, ಕಲಾವಿದ ಮಾರ್ಸೆಲ್ ದುಷಾಂ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಕಾಂಡಿನ್‌ಸ್ಕಿಯ ಚಿತ್ರಗಳ ಸೋಲೋ ಶೋ ಬ್ರಿಟನ್ನಿನಲ್ಲಿ ಮೊದಲು ಮಾಡಿಸಿದ್ದು ಇವಳೇ. ಪ್ಯಾರಿಸ್‌ನಿಂದ ಬ್ರಾಂಕುಸಿ, ಆರ್ಪ್ ಮುಂತಾದವರ ಶಿಲ್ಪಗಳನ್ನ ತರಿಸುವಾಗ ಕಸ್ಟಮ್ಸ್‌ನವರು ತಡೆದ್ರು, ಇದು ಕಲೆ ಹೌದೋ ಅಲ್ಲವೋ ಅಂತ ಟೇಟ್ ಗ್ಯಾಲರಿಯ ನಿರ್ದೇಶಕರನ್ನ ಕೇಳಿದ್ರೆ ಅವರು ಅಲ್ಲ ಅಂದುಬಿಟ್ರು! ಗಲಾಟೆ ಪಾರ್ಲಿಮೆಂಟಿಗೆ ಹೋಗಿ ಕೊನೆಗೆ ಪೆಗ್ಗಿ ಗೆದ್ಲು. ಗ್ಯಾಲರಿ ಮೊದಲ ವರ್ಷ ನಷ್ಟದಲ್ಲೇ ಇತ್ತು. ಚಿತ್ರ ಖರ್ಚಾಗದೆ ಇದ್ರೆ ಕಲಾವಿದರಿಗೆ ಬೇಜಾರಾಗುತ್ತೆ ಅಂತ ಒಂದೊಂದು ಶೋದಿಂದಲೂ ಒಂದೊಂದು ಚಿತ್ರ ಹೆಸರು ಹೇಳದೆ ತಾನೇ ಕೊಂಡ್ಕೊಳ್ತಿದ್ಲು. ಸಂಗ್ರಹ ಶುರುವಾಗಿದ್ದು ಹಾಗೆ. ಇದನ್ನ ನಾನು ಮೊದಲು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ, ಯಾಕಂದ್ರೆ ನಮ್ಮೂರಲ್ಲಿ ಮೂರು ದಿನ ಶೋ ಹಾಕಿ ಒಂದೂ ಖರ್ಚಾಗದೆ ಆಟೋದಲ್ಲಿ ಚಿತ್ರ ವಾಪಸ್ ತಂದವರ ಮುಖ ನಾನು ನೋಡಿದೀನಿ.

ಆಮೇಲೆ ಲಂಡನ್ನಿನಲ್ಲೇ ಒಂದು ಮ್ಯೂಸಿಯಂ ಮಾಡಬೇಕು ಅಂತ ಕಲಾ ವಿಮರ್ಶಕ ಹರ್ಬರ್ಟ್ ರೀಡ್ ಜೊತೆ ಸೇರಿ ಯಾರ್ಯಾರ ಕೃತಿ ಬೇಕು ಅಂತ ಪಟ್ಟಿ ಮಾಡಿದ್ಲು, ಅಷ್ಟರಲ್ಲಿ ಯುದ್ಧ ಬಂತು. ಆ ಪಟ್ಟಿ ಹಿಡ್ಕೊಂಡೇ ಪ್ಯಾರಿಸ್‌ನಲ್ಲಿ ದಿನಕ್ಕೊಂದು ಚಿತ್ರ ಕೊಳ್ಳೋದು ಅಂತ ಹೊರಟ್ಲು. ಊರು ಬಿಟ್ಟು ಓಡಿಹೋಗೋರ ಮಧ್ಯೆ ಇವಳು ಸ್ಟುಡಿಯೋ ಸ್ಟುಡಿಯೋ ಸುತ್ತುತ್ತಿದ್ಲು. ಹಿಟ್ಲರ್ ನಾರ್ವೆ ಮೇಲೆ ಬಿದ್ದ ದಿನ, 1940ರ ಏಪ್ರಿಲ್‌ನಲ್ಲಿ, ಹೋಗಿ ಲೆಜೆಯ "ನಗರದ ಗಂಡಸರು" ಕೊಂಡ್ಲು. ಜರ್ಮನ್ನರು ಪ್ಯಾರಿಸ್ ಹತ್ತಿರಕ್ಕೆ ಬರ್ತಿರುವಾಗ ಬ್ರಾಂಕುಸಿಯ "ಆಕಾಶದಲ್ಲಿ ಹಕ್ಕಿ" ತರೋಕೆ ಹೋದಾಗ ಆತ ಕಣ್ಣೀರು ಹಾಕ್ತಿದ್ದನಂತೆ. ಆ ಹಕ್ಕಿ ಇಲ್ಲಿದೆ, ನೋಡ್ದೆ. ರೆಕ್ಕೆ ಇಲ್ಲ, ಕೊಕ್ಕಿಲ್ಲ, ಹಾರಾಟ ಮಾತ್ರ ಇದೆ. ಅದರ ಹೊಳಪಿನಲ್ಲಿ ನನ್ನ ಮುಖ, ಮಗಳ ಮುಖ ಎರಡೂ ಉದ್ದುದ್ದ ಕಾಣ್ತಿತ್ತು.

ಇವನ್ನೆಲ್ಲ ಬಚ್ಚಿಡೋಕೆ ಜಾಗ ಕೊಡಿ ಅಂತ ಕೇಳಿದ್ರೆ ಲೂವ್ರ್ ಮ್ಯೂಸಿಯಂನವರು ಉಳಿಸೋ ಯೋಗ್ಯತೆ ಇರೋ ಕೃತಿಗಳಲ್ಲ ಅಂತ ತಳ್ಳಿಹಾಕಿದ್ರು. ಕಾಂಡಿನ್‌ಸ್ಕಿ, ಕ್ಲೇ, ಬ್ರಾಕ್, ಮೊಂಡ್ರಿಯಾನ್, ಮಿರೋ, ಡಾಲಿ! ಹಿಟ್ಲರನ ಕಡೆಯವರು ಇವನ್ನ "ಕೆಟ್ಟ ಕಲೆ" ಅಂತ ಹರಾಜು ಹಾಕ್ತಿದ್ದ ಕಾಲ, ಪೆಗ್ಗಿ ಬೇರೆ ಯಹೂದಿ. ಒಬ್ಬ ಸ್ನೇಹಿತೆಯ ಕಣಜದಲ್ಲಿ ಇಟ್ಟು, ಆಮೇಲೆ ಗ್ರೆನೋಬ್ಲ್ ಮ್ಯೂಸಿಯಂಗೆ ಸಾಗಿಸಿ, ಅಲ್ಲಿಂದ ಹಾಸಿಗೆ, ದುಪ್ಪಟಿ, ಪಾತ್ರೆ ಜೊತೆ ಪ್ಯಾಕ್ ಮಾಡಿ "ಮನೆ ಸಾಮಾನು" ಅಂತ ಹೇಳಿ ಅಮೆರಿಕಕ್ಕೆ ಹಡಗಿನಲ್ಲಿ ಕಳಿಸಿದ್ಲು. ಅವಳು, ಮಕ್ಕಳು, ಮೊದಲ ಗಂಡ ಲಾರೆನ್ಸ್ ವೇಲ್, ಮುಂದೆ ಎರಡನೇ ಗಂಡ ಆಗಲಿದ್ದ ಮ್ಯಾಕ್ಸ್ ಅರ್ನ್ಸ್ಟ್, ಎಲ್ಲರೂ 1941ರ ಜುಲೈನಲ್ಲಿ ಲಿಸ್ಬನ್ನಿಂದ ವಿಮಾನ ಹತ್ತಿದ್ರು. ಈ ಇಡೀ ಸಂಗ್ರಹಕ್ಕೆ ಅವಳು ಆಗ ಕೊಟ್ಟಿದ್ದು ಸುಮಾರು 40 ಸಾವಿರ ಡಾಲರ್.

ಪೊಲಾಕ್ ರೂಮಿಗೆ ಬಂದಾಗ ಕಾಲು ನಡುಗ್ತು, ನಿಜವಾಗ್ಲೂ. "ಆಲ್ಕೆಮಿ", 1947ರದ್ದು, ಎರಡು ಮೀಟರಿಗಿಂತ ಅಗಲ. ಸ್ಲೈಡಲ್ಲಿ ಅದು ಗೀಚಿದ ಥರ ಕಾಣ್ತಿತ್ತು, ಇಲ್ಲಿ ನೋಡಿದ್ರೆ ಬಣ್ಣ ಎಷ್ಟು ದಪ್ಪ ಅಂದ್ರೆ ಮಳೆ ನಿಂತ ಮೇಲಿನ ಕೆಸರು ದಾರಿ ಥರ, ಮರಳಿದೆ, ದಾರದ ತುಂಡಿದೆ, ಟ್ಯೂಬಿಂದ ನೇರ ಹಿಂಡಿದ ಬಿಳಿ ಇದೆ. ಕಪ್ಪು, ಬೆಳ್ಳಿ ಬಣ್ಣದ ಒಳಗೆ ಅಲ್ಲಲ್ಲಿ ಹಳದಿ ಕೆಂಪು ಉಸಿರಾಡುತ್ತೆ. ನ್ಯೂಯಾರ್ಕಲ್ಲಿ ಪೆಗ್ಗಿ 1942ರ ಅಕ್ಟೋಬರ್ 20ಕ್ಕೆ "ಆರ್ಟ್ ಆಫ್ ದಿಸ್ ಸೆಂಚುರಿ" ಗ್ಯಾಲರಿ ತೆಗೆದಾಗ, ಅವತ್ತು ಒಂದು ಕಿವಿಗೆ ಕಾಲ್ಡರ್ ಮಾಡಿದ ಓಲೆ, ಇನ್ನೊಂದಕ್ಕೆ ತಾಂಗಿ ಮಾಡಿದ ಓಲೆ ಹಾಕ್ಕೊಂಡು ನಿಂತಿದ್ಲು, ಅಮೂರ್ತ ಕಲೆಯವರು, ಕನಸಿನಂಥ ಚಿತ್ರ ಬರೆಯೋ ಸರ್ರಿಯಲಿಸ್ಟರು ಇಬ್ಬರೂ ನನಗೆ ಒಂದೇ ಅಂತ. ಪೊಲಾಕ್ ಮರುವರ್ಷ ಅವಳ ದೊಡ್ಡಪ್ಪ ಸಾಲೊಮನ್ ಅವರ ಮ್ಯೂಸಿಯಂನಲ್ಲಿ ಬಡಗಿ ಕೆಲಸ, ಅದು ಇದು ರಿಪೇರಿ ಮಾಡ್ಕೊಂಡಿದ್ದ. ಮೊದಲಲ್ಲಿ ಪೆಗ್ಗಿಗೆ ಅವನ ಚಿತ್ರ ಹಿಡಿಸಿರ್ಲಿಲ್ಲ. ಮೊಂಡ್ರಿಯಾನ್ ಅದರ ಮುಂದೆ ಬಹಳ ಹೊತ್ತು ನಿಂತಿದ್ದು ನೋಡಿ, ಅವನ ಮಾತು ಕೇಳಿ, ಮತ್ತೆ ನೋಡಿದ್ಲು, ಮನಸ್ಸು ಬದಲಾಯಿಸಿಕೊಂಡ್ಲು. ತಿಂಗಳಿಗೆ 150 ಡಾಲರ್ ಕೊಟ್ಟು ಬರೀ ಚಿತ್ರ ಬರಿ ಅಂದ್ಲು, 1943ರ ನವೆಂಬರ್‌ನಲ್ಲಿ ಅವನ ಮೊದಲ ಸೋಲೋ ಶೋ ಮಾಡಿಸಿದ್ಲು, ತನ್ನ ಮನೆ ಬಾಗಿಲ ಒಳಗಡೆ ಗೋಡೆಗೆ ಆರು ಮೀಟರ್ ಉದ್ದದ ಚಿತ್ರ ಬರೆಸಿದ್ಲು. ನಾನು ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆ, ಗೊತ್ತಿಲ್ಲದ್ದನ್ನ ಇನ್ನೊಂದು ಸಲ ನೋಡೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಣ್ಣು ಇತ್ತು ಅಂತಾರೆ ಅವಳಿಗೆ. ಕಿವಿಯೂ ಇತ್ತು.

ಮಲಗೋ ಕೋಣೆಯಲ್ಲಿ ಮಂಚ ಇಲ್ಲ, ಕಾಲ್ಡರ್ ಬೆಳ್ಳಿಯಲ್ಲಿ ಮಾಡಿದ ತಲೆದಿಂಬಿನ ಕಡೆಯ ಹಲಗೆ ಇದೆ, ಮೀನು, ಬಳ್ಳಿ, ಸುರುಳಿ. ಅವಳ ಓಲೆಗಳು ಸಾಲಾಗಿ ಗೋಡೆಗೆ ತೂಗುಹಾಕಿದಾರೆ. ಅದರ ಪಕ್ಕದಲ್ಲಿ ಪುಟ್ಟ ಕೋಣೆ, ಮಗಳು ಪೆಗೀನ್‌ದು.

ಇಲ್ಲಿ ನಾವಿಬ್ಬರೂ ಬಹಳ ಹೊತ್ತು ಇದ್ವಿ. ಪೆಗೀನ್ ಕೂಡ ಚಿತ್ರಗಾರ್ತಿ. ಬಣ್ಣ ಬಣ್ಣದ ಚಿತ್ರಗಳು, ಬೊಂಬೆ ಥರದ ಹೆಣ್ಣುಮಕ್ಕಳು, ಉದ್ದ ಕೂದಲು, ದೊಡ್ಡ ಕಣ್ಣು, ಕೆನಾಲು, ದೋಣಿ, ಗಾಜಿನ ಸಣ್ಣ ಬೊಂಬೆಗಳೂ ಇವೆ. ಜನ ತುಂಬಿದ ಚಿತ್ರದಲ್ಲೂ ಯಾರೂ ಯಾರನ್ನೂ ನೋಡ್ತಿಲ್ಲ. 1967ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ್ಲು, 41 ವರ್ಷ, ನಿದ್ದೆ ಮಾತ್ರೆ. ಅಮ್ಮ ಊರಿನ ಕಲಾವಿದರನ್ನೆಲ್ಲ ಸಾಕಿದ್ಲು, ಮಗಳನ್ನ ಹತ್ತಿರ ಕೂರಿಸ್ಕೊಳ್ಳಲಿಲ್ಲ ಅಂತ ಅವರನ್ನ ಬಲ್ಲವರು ಬರೆದಿದಾರೆ. ಮಗಳು ಹೋದ್ಮೇಲೆ ಈ ಕೋಣೆಯನ್ನ ಪೆಗ್ಗಿ ಅವಳ ನೆನಪಿಗೆ ಬಿಟ್ಟುಕೊಟ್ಲು. ಪೆಗ್ಗಿ ಬಗ್ಗೆ ನನಗೆ ಎಷ್ಟೇ ಅಭಿಮಾನ ಇದ್ರೂ ಇಲ್ಲಿ ನನಗೆ ಅವಳನ್ನ ಕ್ಷಮಿಸೋಕೆ ಆಗ್ಲಿಲ್ಲ, ಬೈಯೋಕೂ ಆಗ್ಲಿಲ್ಲ.

ಆಗ ಪುಟ್ಟಿ ಮೆಲ್ಲಗೆ ಅಂದ್ಲು, "ಅಮ್ಮ, ನಿನ್ನ ಸ್ಟೂಡೆಂಟ್ಸ್ ಚಿತ್ರ ಎಲ್ಲಾ ಹಾಲಲ್ಲಿ ಅಂಟಿಸ್ತಿದ್ದೆ ಅಲ್ವಾ. ನಂದು ಒಂದೂ ಇರ್ಲಿಲ್ಲ."

ನಾನೇನು ಹೇಳ್ಲಿ? ಮನೆಯವರದ್ದು ಹಾಕಿದ್ರೆ ಬೇರೆ ಮಕ್ಕಳು ಏನಂದ್ಕೊಳ್ತಾರೆ ಅಂತ ಹಾಕ್ತಿರ್ಲಿಲ್ಲ ಪುಟ್ಟಿ, ಎತ್ತಿಟ್ಟಿದೀನಿ ಅಂದೆ. "ಎಲ್ಲಿ?" ಅಂದ್ಲು. ಟ್ರಂಕಲ್ಲಿ ಅಂದೆ, ಗಂಟಲು ಕಟ್ಟಿತ್ತು.

ಹೊರಗೆ ತೋಟದಲ್ಲಿ ಕಲ್ಲಿನ ಬೆಂಚ್ ಮೇಲೆ ಕೂತು ಡಬ್ಬಿ ಬಿಚ್ಚೋಣ ಅನ್ಸಿತ್ತು, ಅಲ್ಲಿ ತಿನ್ನೋ ಹಾಗಿಲ್ಲ. ತೋಟದ ಮೂಲೆಯಲ್ಲಿ ಪೆಗ್ಗಿಯ ಚಿತಾಭಸ್ಮ ಇಟ್ಟಿದಾರೆ, ಸಣ್ಣ ಕಲ್ಲು, ಹೆಸರು, 1898–1979, ಅಷ್ಟೇ. ಪಕ್ಕದ ಕಲ್ಲಿನಲ್ಲಿ "ನನ್ನ ಮುದ್ದು ಮಕ್ಕಳು" ಅಂತ ಅವಳ 14 ನಾಯಿಗಳ ಹೆಸರು, ಕಾಪುಚಿನೊ, ಪೀಕಾಕ್, ಮೇಡಂ ಬಟರ್‌ಫ್ಲೈ, ಸರ್ ಹರ್ಬರ್ಟ್, ಹಾಂಗ್‌ಕಾಂಗ್. ಲಾಸಾ ಜಾತಿ ನಾಯಿಗಳು. ಮಗಳು ಎಲ್ಲಾ ಹೆಸರು ಓದಿ ಮುಗಿಸೋವರೆಗೂ ನಿಂತಿದ್ದೆ.

ರಾತ್ರಿ ಯಜಮಾನ್ರಿಗೆ ಫೋನ್ ಮಾಡ್ದೆ, ರೀ, ಅಟ್ಟದ ಮೇಲಿನ ಹಸಿರು ಟ್ರಂಕ್ ಇಳಿಸಿ ನೋಡ್ರಿ, ಪುಟ್ಟೀದು ಎಲ್‌ಕೆಜಿ ಟೈಮಿನ ಡ್ರಾಯಿಂಗ್ ಇರ್ಬೇಕು ಅಂತ. ಅಲ್ಲಿ ಬೆಳಗಿನ ಜಾವ. "ಈಗ್ಲಾ?" ಅಂದ್ರು.

ದಿನ 4

ಮತ್ತೆ ವೆನಿಸ್. ಇವತ್ತು ಮೊದಲು ಕನ್ನರೆಜೊ ಕಡೆ ಯಹೂದಿ ಗೆಟ್ಟೊ. "ಗೆಟ್ಟೊ" ಅನ್ನೋ ಪದವೇ ಹುಟ್ಟಿದ್ದು ಇಲ್ಲಿ, 1516ರಲ್ಲಿ ಯಹೂದಿಗಳೆಲ್ಲ ಇದೊಂದೇ ಜಾಗದಲ್ಲಿ ಇರಬೇಕು, ರಾತ್ರಿ ಬಾಗಿಲು ಹಾಕ್ತೀವಿ ಅಂದ್ರು. ಜಾಗ ಸಾಲದೆ ಮನೆಗಳು ಮೇಲಕ್ಕೆ ಬೆಳೆದಿವೆ, ವೆನಿಸ್‌ನಲ್ಲಿ ಬೇರೆಲ್ಲೂ ಇಷ್ಟು ಎತ್ತರದ ಮನೆಗಳು ಒಟ್ಟಿಗೆ ಕಾಣ್ಸೋದಿಲ್ಲ. ಚೌಕದಲ್ಲಿ ಮಕ್ಕಳು ಚೆಂಡು ಆಡ್ತಿದ್ರು. ಯಹೂದಿ ಹೆಣ್ಣುಮಗಳೊಬ್ಬಳು ಇದೇ ಊರಲ್ಲಿ ಗ್ರ್ಯಾಂಡ್ ಕೆನಾಲ್ ಮೇಲೆ ಬಾಗಿಲು ತೆಗೆದು ಕೂತಿದ್ಲಲ್ಲ, 1962ರಲ್ಲಿ ಊರಿನವರು ಗೌರವ ಪೌರತ್ವ ಕೊಟ್ರಲ್ಲ, ಅದನ್ನ ಇಲ್ಲಿ ನಿಂತು ನೆನೆಸ್ಕೊಂಡ್ರೆ ಬೇರೆ ಥರ ಅನ್ಸುತ್ತೆ.

ಆಮೇಲೆ ಜಾರ್ದೀನಿ ಕಡೆ ಹೋದ್ವಿ, ಬಿಯೆನಾಲೆ ಅನ್ನೋ, ಎರಡು ವರ್ಷಕ್ಕೊಮ್ಮೆ ದೇಶದೇಶದವರು ಸೇರೋ ಕಲಾ ಪ್ರದರ್ಶನ ನಡೆಯೋ ತೋಪು. ಯುದ್ಧದಿಂದ ನಿಂತಿದ್ದ ಬಿಯೆನಾಲೆ 1948ರಲ್ಲಿ ಮತ್ತೆ ಶುರುವಾದಾಗ ಗ್ರೀಸ್‌ನಲ್ಲಿ ಅಂತರ್ಯುದ್ಧ, ಅವರ ಪೆವಿಲಿಯನ್, ಅಂದ್ರೆ ಆ ದೇಶದ ಪ್ರದರ್ಶನದ ಕಟ್ಟಡ, ಖಾಲಿ ಇತ್ತು, ಅದನ್ನ ಪೆಗ್ಗಿಗೆ ಕೊಟ್ರು. ದೇಶಗಳ ಹೆಸರಿನ ಮಧ್ಯೆ ಒಬ್ಬ ಹೆಂಗಸಿನ ಹೆಸರು! ಪೊಲಾಕ್‌ನ ಚಿತ್ರಗಳನ್ನ ಯುರೋಪ್ ಮೊದಲು ನೋಡಿದ್ದು ಅಲ್ಲೇ. ಅವಳು ಇಪ್ಪತ್ತರ ವಯಸ್ಸಿನಲ್ಲಿ ಯಾರ ಪುಸ್ತಕ ಓದ್ಕೊಂಡು ಊರೂರು ಸುತ್ತಿದ್ಲೋ ಆ ಬೆರೆನ್ಸನ್ ಕೂಡ ಬಂದ್ರು, ಮುದುಕರಾಗಿದ್ರು, ಚಿತ್ರಗಳನ್ನ ನೋಡಿ ಮುಖ ಸಿಂಡರಿಸಿ ಇದಕ್ಯಾಕೆ ಕೈ ಹಾಕಿದೆ ಅಂದ್ರಂತೆ. ತನ್ನ ಕಾಲದ ಕಲೆಯನ್ನ ಕಾಪಾಡೋದು ತನ್ನ ಕರ್ತವ್ಯ ಅಂತ ಪೆಗ್ಗಿ ಉತ್ತರ ಕೊಟ್ಲು.

ಅದೇ ಕಡೆ ಆರ್ಸೆನಾಲೆ ಹತ್ತಿರ ನೌಕಾ ಮ್ಯೂಸಿಯಂ ಇದೆ, ಅಲ್ಲಿ ಅವಳ ಗೊಂಡೊಲಾ ಇಟ್ಟಿದಾರೆ. ವೆನಿಸ್‌ನಲ್ಲಿ ಸ್ವಂತ ಗೊಂಡೊಲಾ ಇಟ್ಕೊಂಡಿದ್ದ ಕೊನೆಯವಳು ಅವಳೇ ಅಂತಾರೆ. ದಿನಾ ಸಂಜೆ ನಾಯಿಗಳನ್ನ ಕೂರಿಸ್ಕೊಂಡು, ಚಿಟ್ಟೆ ರೆಕ್ಕೆ ಥರದ ಆ ಕನ್ನಡಕ ಹಾಕ್ಕೊಂಡು ಸುತ್ತು ಹೊಡೀತಿದ್ಲು. ಕಪ್ಪು ದೋಣಿ, ಕೆತ್ತನೆ ಕೆಲಸ, ಈಗ ನೀರಿಲ್ಲದ ನೆಲದ ಮೇಲೆ ಕೂತಿದೆ. ನಾವು ಗೊಂಡೊಲಾ ಹತ್ತಿದ್ದೂ ಇದೇ ದಿನ, ಟೂರಿಸ್ಟ್ ಗೊಂಡೊಲಾ ಅಲ್ಲ, ತ್ರಗೆತ್ತೊ ಅಂತ ಕೆನಾಲ್ ದಾಟಿಸೋದು ಇರುತ್ತೆ, ಎರಡು ನಿಮಿಷ, ಊರಿನವರ ಜೊತೆ ತರಕಾರಿ ಚೀಲದ ಮಧ್ಯೆ ನಿಂತ್ಕೊಂಡು. ಅಷ್ಟು ಸಾಕು.

ಯಜಮಾನ್ರ ಮೆಸೇಜು: ಟ್ರಂಕಿನ ಬೀಗದ ಕೈ ಎಲ್ಲಿ?

ದಿನ 5

ಮಳೆ. ಎಲ್ಲೂ ಹೋಗ್ಲಿಲ್ಲ. ಪುಟ್ಟಿಗೆ ಕ್ಲಾಸಿತ್ತು, ನಾನು ಪುಳಿಯೋಗರೆ ಕಲಸಿಟ್ಟು ಮೊಬೈಲಲ್ಲಿ ಪೆಗ್ಗಿ ಬಗ್ಗೆ ಹುಡುಕಿ ಓದ್ತಾ ಕೂತೆ. ಎಲ್ಲಿ ನೋಡಿದ್ರೂ ಅವಳ ಮೂಗಿನ ಆಪರೇಷನ್ ಕೆಟ್ಟಿದ್ದು, ಅವಳ ಪ್ರೇಮಿಗಳ ಲೆಕ್ಕ, ಇದೇ. ಅವಳೂ 1946ರ ಆತ್ಮಕಥೆಯಲ್ಲಿ ಏನೂ ಮುಚ್ಚಿಟ್ಟಿಲ್ಲ, ನಿಜ, ಮನೆಯವರಿಗೆಲ್ಲ ಮುಜುಗರ ಆಗೋ ಹಾಗೆ ಬರೆದಿದಾಳೆ. ಆದ್ರೆ ಅದೇ ಕಾಲದ ಗಂಡಸು ಕಲಾವಿದರ ಸಂಸಾರಗಳನ್ನ ಯಾರೂ ಹೀಗೆ ಎಣಿಸೋದಿಲ್ಲ, ಅವರ ಚಿತ್ರ ಎಣಿಸ್ತಾರೆ. 1943ರ ಜನವರಿಯಲ್ಲಿ ಬರೀ 31 ಹೆಂಗಸರ ಕೃತಿಗಳನ್ನೇ ಇಟ್ಟು ನ್ಯೂಯಾರ್ಕ್‌ನಲ್ಲಿ ಶೋ ಮಾಡಿದ್ಲು ಅವಳು. ಜುನಾ ಬಾರ್ನ್ಸ್ ಅನ್ನೋ ಲೇಖಕಿಗೆ ದಶಕಗಟ್ಟಲೆ ತಿಂಗಳು ತಿಂಗಳು ದುಡ್ಡು ಕಳಿಸಿದ್ಲು. ಇದು ನಾಲ್ಕನೇ ಪ್ಯಾರಾದಲ್ಲಿ ಬರುತ್ತೆ, ಪ್ರೇಮಿಗಳು ಮೊದಲನೇ ಪ್ಯಾರಾದಲ್ಲಿ.

ಒಂದು ವಿಷಯ ಓದಿ ಖುಷಿಯಾಯ್ತು, ಐವತ್ತರ ದಶಕದಲ್ಲಿ ಪೆಗ್ಗಿ ಸಿಲೋನ್‌ಗೂ ಅಲ್ಲಿಂದ ಭಾರತಕ್ಕೂ ಬಂದಿದ್ಲು, ಕಲ್ಕತ್ತಾದಲ್ಲಿ ಜಾಮಿನಿ ರಾಯ್ ಅವರನ್ನ ನೋಡಿದ್ಲು. ಕಾಳೀಘಾಟ್ ಪಟಗಳ ರೇಖೆ ಹಿಡಿದು, ವಿದೇಶಿ ಬಣ್ಣ ಬಿಟ್ಟು ಮಣ್ಣು, ಹುಣಸೆ ಬೀಜ, ಇದ್ದಿಲ ಕಪ್ಪಲ್ಲಿ ಚಿತ್ರ ಬರೆದವರು. ಅವರ ಆ ದೊಡ್ಡ ಕಣ್ಣಿನ ಹೆಂಗಸರನ್ನ ನೋಡುವಾಗ ಪೆಗ್ಗಿಗೆ ಮಗಳು ಬರೆಯೋ ದೊಡ್ಡ ಕಣ್ಣಿನ ಹುಡುಗಿಯರು ನೆನಪಾಗಿರಬಹುದಾ ಅಂತ ಸುಮ್ಮನೆ ಯೋಚನೆ ಬಂತು.

ಬೀಗದ ಕೈ ದೇವರ ಮನೆ ಗೂಡಿನಲ್ಲಿದೆ ಅಂತ ಹೇಳ್ದೆ.

ದಿನ 6

ಪುಟ್ಟಿ ಬಸಾನೊ ದೆಲ್ ಗ್ರಾಪ್ಪಾಗೆ ಹೋಗೋಣ ಅಂದ್ಲು, ಪಲ್ಲಾಡಿಯೊ ವಿನ್ಯಾಸದ ಮುಚ್ಚಿದ ಮರದ ಸೇತುವೆ ಇದೆ ಅಂತ. ನಾನು ಮ್ಯಾಪ್ ನೋಡಿದಾಗ ಆ ರೈಲು ಕಾಂಪೊಸಾಂಪಿಯೆರೊ ಮೇಲೆ ಹೋಗುತ್ತೆ. ಪೆಗ್ಗಿ ಕೊನೆಯುಸಿರೆಳೆದಿದ್ದು ಆ ಊರಿನ ಆಸ್ಪತ್ರೆಯಲ್ಲಿ, 1979ರ ಡಿಸೆಂಬರ್ 23, 81 ವರ್ಷ. ಅದಕ್ಕೆ ಒಂದಿನ ಮುಂಚೆ ವೆನಿಸ್‌ನಲ್ಲಿ ಭಾರಿ ನೀರು ಏರಿತ್ತು. ಅವಳ ಮಗ ಸಿಂಡ್‌ಬಾದ್ ಅಮ್ಮನ ಮನೆಯ ನೆಲಮಾಳಿಗೆಯಲ್ಲಿದ್ದ ಚಿತ್ರಗಳನ್ನ ನೀರಿಂದ ಕಾಪಾಡೋಕೆ ಓಡಾಡಬೇಕಾಯ್ತು ಅಂತ ಓದಿದೀನಿ. ಅಮ್ಮ ಅಲ್ಲಿ, ಅಮ್ಮನ ಚಿತ್ರಗಳು ಇಲ್ಲಿ. ಮನೆ, ಸಂಗ್ರಹ ಎಲ್ಲ ಅಷ್ಟೊತ್ತಿಗೆ ದೊಡ್ಡಪ್ಪನ ಹೆಸರಿನ ಫೌಂಡೇಷನ್‌ಗೆ ಬರೆದುಕೊಟ್ಟಾಗಿತ್ತು, ವೆನಿಸ್‌ನಲ್ಲೇ ಇರಬೇಕು ಅನ್ನೋ ಷರತ್ತಿನ ಮೇಲೆ.

ರೈಲು ಪುಟ್ಟದು, ಕಾಲೇಜು ಹುಡುಗರು, ಸೈಕಲ್ ಹತ್ತಿಸಿಕೊಂಡ ಒಬ್ಬ ಅಜ್ಜ. ಹೊಲ ಎಲ್ಲ ಕೊಯ್ಲಾಗಿ ಕಂದು, ಮೇಲೆ ಮಂಜು. ಕಾಂಪೊಸಾಂಪಿಯೆರೊ ಸ್ಟೇಷನ್‌ನಲ್ಲಿ ರೈಲು ಎದುರಿನ ಗಾಡಿಗೋಸ್ಕರ ಸ್ವಲ್ಪ ಹೊತ್ತು ನಿಂತ್ಕೊಳ್ತು. ಹಳದಿ ಸ್ಟೇಷನ್ ಕಟ್ಟಡ, ಒಂದು ಬೆಂಚು, ಮರ. ಇಳಿದು ಆಸ್ಪತ್ರೆ ಹುಡುಕೋ ಮನಸ್ಸಾಗ್ಲಿಲ್ಲ, ಕಿಟಕಿಯಿಂದಲೇ ಕೈ ಮುಗಿದೆ.

ಫೋನ್ ಟಿಣ್ ಅಂತು. ಯಜಮಾನ್ರು ಫೋಟೋ ಕಳಿಸಿದ್ರು. ಟ್ರಂಕಲ್ಲಿ ಇದ್ದಿದ್ದು ಎರಡೇ ಅಂತೆ, ಉಳಿದಿದ್ದು ಮನೆ ಸುಣ್ಣ ಹೊಡೆಸುವಾಗ ಹಳೇ ಪೇಪರ್ ಜೊತೆ ಹೋಗಿರಬೇಕು. ಒಂದನ್ನ ಬೆಳ್ಳಿ ಹುಳ ತಿಂದು ಅರ್ಧ ಆಗಿದೆ. ಇನ್ನೊಂದು ಚೆನ್ನಾಗಿದೆ, ವ್ಯಾಕ್ಸ್ ಕ್ರಯಾನ್, ಕೆಂಪು ಉದ್ದ ಡಬ್ಬಿ, ಸಾಲಾಗಿ ಚೌಕ ಚೌಕ, ಕೆಳಗೆ ಎರಡು ಗುಂಡು.

ಪುಟ್ಟಿಗೆ ತೋರಿಸ್ದೆ. ನೋಡು, ನೀನು ಬರೆದಿದ್ದ ಬಸ್ಸು ಅಂದೆ.

ಫೋನ್ ಕೈಗೆ ತಗೊಂಡು ದೊಡ್ಡದು ಮಾಡಿ ನೋಡಿದ್ಲು. "ಬಸ್ಸಲ್ಲಮ್ಮ ಇದು. ಮನೆ. ಇವು ಕಿಟಕಿ, ಕೆಳಗೆ ಇರೋದು ನೀನೂ ನಾನೂ."